ಪರದೆಯ ಮೇಲಿನ ಪ್ರಯೋಗ: ವಿಜ್ಞಾನ ಶಿಕ್ಷಕರ ಪ್ರಶ್ನೆ, ನಮ್ಮ ಉತ್ತರ

ತರಗತಿಯಲ್ಲಿ ವಿಜ್ಞಾನ ಕಲಿಸಲು ಕಂಪ್ಯೂಟರ್, ಮೊಬೈಲ್ ಬಳಸುವಾಗ ಎದುರಾಗುವ ತೊಡಕುಗಳ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಸ್ಥಳದ ಅಭಾವದಿಂದ ಪತ್ರಗಳನ್ನು ಮೊಟಕುಗೊಳಿಸಲಾಗಿದೆ.

ನಮ್ಮದು ಹಳ್ಳಿಯ ಪ್ರೌಢಶಾಲೆ. ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಇದೆ. ಇಂಟರ್ನೆಟ್ ಇಲ್ಲ. ಪರದೆಯ ಮೇಲೆ ವಿಜ್ಞಾನದ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಸಿಗುತ್ತವೆ ಎಂದು ತರಬೇತಿಯಲ್ಲಿ ಹೇಳಿದರು. ಆದರೆ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫೈಲುಗಳಲ್ಲಿ ಅರ್ಧಕ್ಕರ್ಧ ತೆರೆಯುವುದೇ ಇಲ್ಲ. ಏನು ಮಾಡಲಿ?
— ಶಿಕ್ಷಕಿ, ಹಾವೇರಿ ಜಿಲ್ಲೆ

ತೆರೆಯದ ಫೈಲುಗಳು ಬಹುಶಃ ಹಳೆಯ ಫ್ಲ್ಯಾಶ್ ಅಥವಾ ಜಾವಾ ಕಾಲದವು. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ ಕೊನೆಗೆ ನಿಂತುಹೋಯಿತು, ಈಗಿನ ಯಾವ ಬ್ರೌಸರ್ ಕೂಡ ಅದನ್ನು ನಡೆಸುವುದಿಲ್ಲ. ಅವನ್ನು ಸರಿಪಡಿಸಲು ಹೊತ್ತು ಕಳೆಯಬೇಡಿ, ಅಳಿಸಿಬಿಡಿ. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಫೆಟ್ ಯೋಜನೆ ತನ್ನ ಮುಖ್ಯ ಸಿಮ್ಯುಲೇಶನ್‌ಗಳನ್ನೆಲ್ಲ ಎಚ್‌ಟಿಎಂಎಲ್5 ಎಂಬ, ಬ್ರೌಸರಿನಲ್ಲೇ ತೆರೆದುಕೊಳ್ಳುವ ರೂಪಕ್ಕೆ ಬದಲಿಸಿದೆ. ಈ ಹೊಸ ರೂಪದ ದೊಡ್ಡ ಅನುಕೂಲವೆಂದರೆ ಒಂದು ಸಿಮ್ಯುಲೇಶನ್ ಎಂದರೆ ಒಂದೇ ಒಂದು ಫೈಲು. ಇನ್‌ಸ್ಟಾಲ್ ಮಾಡುವ ಗೋಜಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ.

ಇಂಟರ್ನೆಟ್ ಇರುವ ಕಡೆ ಕುಳಿತು ಫೆಟ್ ತಾಣದಲ್ಲಿ ನಿಮಗೆ ಬೇಕಾದ ಸಿಮ್ಯುಲೇಶನ್‌ನ ಪುಟಕ್ಕೆ ಹೋಗಿ. ಅಲ್ಲಿ ಅನುವಾದಗಳ ವಿಭಾಗವಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದ್ದರೆ ಅದರ ಪಕ್ಕದ ಡೌನ್‌ಲೋಡ್ ಗುರುತು ಒತ್ತಿ. ಮೇಲಿನ ದೊಡ್ಡ ಗುಂಡಿ ಒತ್ತಿದರೆ ಬರುವುದು ಇಂಗ್ಲಿಷ್ ಪ್ರತಿ. ತರಬೇತಿಯಿಂದ ಬಂದ ಅನೇಕರು ಇಲ್ಲೇ ಎಡವುತ್ತಾರೆ. ಎಲ್ಲ ಸಿಮ್ಯುಲೇಶನ್‌ಗಳಿಗೂ ಕನ್ನಡವಿಲ್ಲ. ಇರುವ ಕೆಲವದರಲ್ಲೂ ಅನುವಾದವಾಗದೆ ಉಳಿದ ಪದಗಳು ಇಂಗ್ಲಿಷಿನಲ್ಲೇ ಕಾಣುತ್ತವೆ. ಫೈಲನ್ನು ಪೆನ್‌ಡ್ರೈವ್‌ನಿಂದ ನೇರ ತೆರೆಯದೆ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ತೆರೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲನ್ನು ಅಲ್ಲಿಂದಲೇ ಮುಟ್ಟಿದರೆ ಖಾಲಿ ಪುಟ ಬರುವುದುಂಟು. ಮೊದಲು ಫೋನಿನ ಫೋಲ್ಡರಿಗೆ ಉಳಿಸಿ, ಆಮೇಲೆ ಕ್ರೋಮ್‌ನಲ್ಲಿ ತೆರೆಯಬೇಕು.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 7 ಇದ್ದರೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆ, ಅದಕ್ಕಿಂತ ಹೊಸದು ಹತ್ತುವುದಿಲ್ಲ. ಬ್ರೌಸರ್ ಅದಕ್ಕೂ ಹಿಂದಿನದಾಗಿದ್ದರೆ ಕನಿಷ್ಠ ಅಲ್ಲಿಯವರೆಗಾದರೂ ಏರಿಸಿಕೊಳ್ಳಿ. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇವನ್ನು ತೆರೆಯಲು ಪ್ರಯತ್ನಿಸುವುದೇ ಬೇಡ. ಇನ್ನೊಂದು ಮಾತು: ದ್ರವ್ಯದ ಸ್ಥಿತಿಗಳು, ಅನಿಲಗಳ ಗುಣಗಳು ಮುಂತಾದ ಸಿಮ್ಯುಲೇಶನ್‌ಗಳ ಹಿನ್ನೆಲೆ ಕಪ್ಪು. ಬೆಳಕಿರುವ ಕೊಠಡಿಯಲ್ಲಿ ಹಿಂದಿನ ಬೆಂಚಿನವರಿಗೆ ಏನೂ ಕಾಣುವುದಿಲ್ಲ. ಕೆಳಗಿನ ಮೂಲೆಯ ಮೆನುವಿನಲ್ಲಿ ಆದ್ಯತೆಗಳಿಗೆ ಹೋಗಿ ಪ್ರೊಜೆಕ್ಟರ್ ಮೋಡ್ ಹಾಕಿದರೆ ಹಿನ್ನೆಲೆ ಬಿಳಿಯಾಗುತ್ತದೆ. ಈ ಸಣ್ಣ ಗುಂಡಿ ಗೊತ್ತಿಲ್ಲದೆ ಕಿಟಕಿಗೆಲ್ಲ ರಟ್ಟು ಹೊಡೆಸಿದ ಶಾಲೆಗಳಿವೆ.

ಹತ್ತನೇ ತರಗತಿಗೆ ವಿದ್ಯುತ್ ಮಂಡಲವನ್ನು ಫೆಟ್‌ನಲ್ಲಿ ತೋರಿಸಿದೆ. ಎರಡು ಬಲ್ಬುಗಳನ್ನು ಸಮಾಂತರವಾಗಿ ಜೋಡಿಸಿದಾಗ ಎರಡೂ ಒಂಟಿ ಬಲ್ಬಿನಷ್ಟೇ ಪ್ರಕಾಶಮಾನವಾಗಿ ಉರಿದವು. ಮರುದಿನ ನಿಜವಾದ ಶುಷ್ಕಕೋಶ, ಟಾರ್ಚ್ ಬಲ್ಬುಗಳಲ್ಲಿ ಮಾಡಿದರೆ ಎರಡೂ ಮಂಕು. ಮಕ್ಕಳು ಯಾವುದು ಸರಿ ಎಂದು ಕೇಳುತ್ತಿದ್ದಾರೆ.
— ಸಹಶಿಕ್ಷಕ, ತುಮಕೂರು

ಎರಡೂ ಸರಿ. ಮಕ್ಕಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ, ಅದನ್ನೇ ಒಂದು ಪೀರಿಯಡ್ ಮಾಡಿಕೊಳ್ಳಿ.

ಸಿಮ್ಯುಲೇಶನ್‌ನ ಬ್ಯಾಟರಿ ಶುರುವಿನಲ್ಲಿ 9 ವೋಲ್ಟ್, ಬಲ್ಬು 10 ಓಮ್, ಬ್ಯಾಟರಿಯ ಆಂತರಿಕ ರೋಧ ಸೊನ್ನೆ. ಹಾಗಾಗಿ ಒಂದು ಬಲ್ಬಿಗೆ 0.90 ಆಂಪಿಯರ್. ಸಮಾಂತರವಾಗಿ ಇನ್ನೊಂದು ಸೇರಿಸಿದರೆ ಬ್ಯಾಟರಿ 1.80 ಆಂಪಿಯರ್ ಕೊಡುತ್ತದೆ, ತಲಾ ಮತ್ತದೇ 0.90. ಎಷ್ಟು ಬಲ್ಬು ಸೇರಿಸಿದರೂ ಬ್ಯಾಟರಿ ಬಳಲುವುದಿಲ್ಲ. ನಿಜವಾದ ಶುಷ್ಕಕೋಶ ಹಾಗಲ್ಲ. ಅದರ ಒಳಗಿನ ರಾಸಾಯನಿಕಗಳಿಗೂ ರೋಧ ಇದೆ, ಕೋಶ ಹಳತಾದಂತೆ ಅದು ಏರುತ್ತದೆ. ಹೆಚ್ಚು ಪ್ರವಾಹ ಎಳೆದಷ್ಟೂ ವೋಲ್ಟೇಜಿನ ಒಂದು ಪಾಲು ಒಳಗೇ ಕಳೆದುಹೋಗುತ್ತದೆ.

ಇದನ್ನು ಅದೇ ಸಿಮ್ಯುಲೇಶನ್‌ನಲ್ಲಿ ತೋರಿಸಬಹುದು. ಪ್ರಯೋಗಾಲಯ ಎಂಬ ಎರಡನೇ ಪರದೆಗೆ ಹೋಗಿ, ಬಲಗಡೆಯ ಸುಧಾರಿತ ಆಯ್ಕೆಗಳನ್ನು ಬಿಚ್ಚಿ, ಬ್ಯಾಟರಿ ರೋಧವನ್ನು 2 ಓಮ್‌ಗೆ ಎಳೆಯಿರಿ. ಈಗ ಒಂಟಿ ಬಲ್ಬಿಗೆ 0.75 ಆಂಪಿಯರ್, ಬ್ಯಾಟರಿಯ ತುದಿಗಳಲ್ಲಿ 7.5 ವೋಲ್ಟ್. ಎರಡನೇ ಬಲ್ಬನ್ನು ಸಮಾಂತರವಾಗಿ ಸೇರಿಸಿ: ಬ್ಯಾಟರಿಯಿಂದ ಸುಮಾರು 1.29 ಆಂಪಿಯರ್, ತುದಿಗಳಲ್ಲಿ 6.4 ವೋಲ್ಟ್, ಪ್ರತಿ ಬಲ್ಬಿಗೆ 0.64. ಎರಡೂ ಮಂಕಾಗುವುದು ಕಣ್ಣಿಗೇ ಕಾಣುತ್ತದೆ. ವೋಲ್ಟ್‌ಮೀಟರನ್ನು ಮೊದಲಿನಿಂದಲೂ ಬ್ಯಾಟರಿಗೆ ಅಂಟಿಸಿಯೇ ಇಡಿ. ಎರಡನೇ ಬಲ್ಬು ಸೇರಿದ ಕ್ಷಣಕ್ಕೆ ಅಂಕಿ ಇಳಿಯುವುದನ್ನು ನೋಡಿದ ಮೇಲೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ಇನ್ನೊಂದು ಕಡೆಯಿಂದಲೂ ವ್ಯತ್ಯಾಸ ಬರುತ್ತದೆ. ಸಿಮ್ಯುಲೇಶನ್‌ನ ಸಾಮಾನ್ಯ ಬಲ್ಬಿನ ರೋಧ ಬದಲಾಗದು. ನಿಜವಾದ 2.5 ವೋಲ್ಟ್, 0.3 ಆಂಪಿಯರ್ ಟಾರ್ಚ್ ಬಲ್ಬಿನ ತಂತಿ ಉರಿಯುವಾಗ ಸುಮಾರು 8 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದರಷ್ಟು ಮಾತ್ರ. ಯಾರಾದರೂ ಜಾಣ ಹುಡುಗಿ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದು, 1 ಓಮ್ ಬಂತೆಂದು ಬರೆದುಕೊಂಡು, ಓಮ್‌ನ ನಿಯಮ ಹಚ್ಚಿ, ಲೆಕ್ಕ ತಪ್ಪಿತೆಂದು ಅಳುಮೋರೆ ಹಾಕುವುದು ಇದರಿಂದಲೇ. ಓಮ್‌ನ ನಿಯಮದ ಪ್ರಯೋಗಕ್ಕೆ ಬಲ್ಬು ಬೇಡ, ನಿಕ್ರೋಮ್ ತಂತಿಯೋ 10 ಓಮ್‌ನ ರೋಧಕವೋ ಇರಲಿ.

ಮಲ್ಟಿಮೀಟರ್ ಎಂದ ಮೇಲೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಸಿಗುವ ಅಗ್ಗದ ಹಳದಿ ಮೀಟರಿನ 200 ಮಿಲಿಆಂಪಿಯರ್ ಕಿಂಡಿಯಲ್ಲಿ ಟಾರ್ಚ್ ಬಲ್ಬಿನ ಪ್ರವಾಹ ಅಳೆದರೆ ಒಳಗಿನ ಫ್ಯೂಸ್ ಹೋಗುತ್ತದೆ, ಏಕೆಂದರೆ ಬಲ್ಬು ಎಳೆಯುವುದೇ 300. ಆಮೇಲೆ ಮೀಟರ್ ಸೊನ್ನೆ ತೋರಿಸುತ್ತ ಕೂರುತ್ತದೆ, ನಾವು ಬಲ್ಬನ್ನು ಬೈಯುತ್ತೇವೆ. 10 ಆಂಪಿಯರ್ ಕಿಂಡಿ ಬಳಸಿ, ಅಳೆದ ಕೂಡಲೇ ಕೆಂಪು ತಂತಿಯನ್ನು ವೋಲ್ಟ್ ಕಿಂಡಿಗೆ ವಾಪಸು ಹಾಕಿ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯ: ನೀವು ಮಾಡಿದ ಕ್ರಮವನ್ನು ತಿರುಗಿಸಿ. ಮೊದಲು ನಿಜವಾದ ಕೋಶ, ಬಲ್ಬು. ‘ಎರಡನೇ ಬಲ್ಬು ಹಾಕಿದರೆ ಮೊದಲನೆಯದು ಏನಾಗುತ್ತದೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಕೈ ಎತ್ತಿಸಿ ಎಣಿಸಿ, ಆಮೇಲೆ ಸ್ವಿಚ್ ಹಾಕಿ. ತಂತಿಯ ಒಳಗೆ ಕಾಣದ್ದನ್ನು ತೋರಿಸಲು ಮಾತ್ರ ಪರದೆ ಬರಲಿ. ಅಲ್ಲಿ ಓಡುವ ನೀಲಿ ಎಲೆಕ್ಟ್ರಾನುಗಳ ವೇಗ ಉತ್ಪ್ರೇಕ್ಷೆ ಎಂಬುದನ್ನೂ ಹೇಳಿಬಿಡಿ. 1 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿ ಸೆಕೆಂಡಿಗೆ 0.07 ಮಿ.ಮೀ.ನಷ್ಟೇ ಮುಂದೆ ತೆವಳುತ್ತವೆ.

ದೀಕ್ಷಾ ಆ್ಯಪ್‌ನಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗುವುದಿಲ್ಲ.
— ಓದುಗರು, ಚಿತ್ರದುರ್ಗ

ಪುಸ್ತಕಕ್ಕೆ ಹಾಕಿದ ಪ್ಲಾಸ್ಟಿಕ್ ಹೊದಿಕೆ ಹೊಳೆದರೆ, ಪುಟ ಮಡಿಚಿದ್ದರೆ ಹೀಗಾಗುತ್ತದೆ. ಕ್ಯೂಆರ್ ಚೌಕದ ಕೆಳಗೇ ಆರು ಅಕ್ಷರ-ಅಂಕಿಗಳ ಸಂಕೇತ ಅಚ್ಚಾಗಿರುತ್ತದೆ. ಅದನ್ನೇ ಬೆರಳಚ್ಚಿಸಿ ಹುಡುಕಿದರೆ ಸಾಕು, ಕ್ಯಾಮೆರಾ ಬೇಡ. ಆ್ಯಪ್‌ನಲ್ಲಿ ಮಂಡಳಿ, ಮಾಧ್ಯಮ, ತರಗತಿ ಸರಿಯಾಗಿ ಆರಿಸಿದ್ದೀರಾ ನೋಡಿ. ಮಾಧ್ಯಮ ಇಂಗ್ಲಿಷ್ ಎಂದಿದ್ದರೆ ಹುಡುಕಾಟದಲ್ಲಿ ಕನ್ನಡ ವಿಡಿಯೊ ಹಿಂದೆ ಸರಿದುಬಿಡುತ್ತದೆ. ಬೇಕಾದುದನ್ನು ಹಿಂದಿನ ದಿನವೇ ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೊಬೈಲನ್ನೇ ಅಳತೆಯ ಉಪಕರಣವಾಗಿ ಬಳಸಬಹುದೆಂದು ಓದಿದೆ. ಗುರುತ್ವ ವೇಗೋತ್ಕರ್ಷ, ಶಬ್ದದ ವೇಗ ಅಳೆಯುವುದನ್ನು ಹಂತ ಹಂತವಾಗಿ ತಿಳಿಸುವಿರಾ? ಯಾವ ಫೋನ್ ಆಗಬಹುದು?
— ಪದವಿಪೂರ್ವ ಕಾಲೇಜು ಉಪನ್ಯಾಸಕ, ವಿಜಯಪುರ

ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದಕ್ಕೆ ಹೇಳಿ ಮಾಡಿಸಿದ್ದು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಇಂಟರ್ನೆಟ್ ಬೇಡ. ತೆರೆದ ಕೂಡಲೇ ಬರುವ ಪ್ರಯೋಗಗಳ ಪಟ್ಟಿಯಲ್ಲಿ ಕೆಲವು ಬೂದುಬಣ್ಣದಲ್ಲಿ ಮಸುಕಾಗಿದ್ದರೆ ಆ ಸೆನ್ಸರ್ ನಿಮ್ಮ ಫೋನಿನಲ್ಲಿ ಇಲ್ಲವೆಂದರ್ಥ. ವೇಗೋತ್ಕರ್ಷ ಸೆನ್ಸರ್, ಮೈಕ್ ಎಲ್ಲದರಲ್ಲೂ ಇರುತ್ತವೆ. ಅಗ್ಗದ ಫೋನುಗಳಲ್ಲಿ ಬಹಳ ಸಲ ಇಲ್ಲದಿರುವುದು ತಿರುಗುವಿಕೆಯನ್ನು ಅಳೆಯುವ ಗೈರೊಸ್ಕೋಪ್.

ಮೊದಲು ಲೋಲಕ. ಫೋನನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎರಡು ದಾರಗಳಿಂದ ಇಂಗ್ಲಿಷಿನ ವಿ ಆಕಾರದಲ್ಲಿ ತೂಗುಹಾಕಿ. ಒಂದೇ ದಾರವಾದರೆ ಫೋನ್ ತಿರುಚಿಕೊಂಡು ಅಂಕಿಗಳೆಲ್ಲ ಗೊಂದಲ. ಉದ್ದವನ್ನು ದಾರದ ಗುಂಟ ಅಳೆಯಬೇಡಿ. ದಾರಗಳನ್ನು ಕಟ್ಟಿದ ಮಟ್ಟದಿಂದ ಫೋನಿನ ನಡುಮಧ್ಯಕ್ಕೆ ನೇರ ಕೆಳಗೆ ಅಳೆಯಿರಿ. 50 ಸೆಂ.ಮೀ.ಗಿಂತ ಕಡಿಮೆ ಬೇಡ. ಫೋನ್ ಒಂದು ಬಿಂದುವಲ್ಲ, ಹದಿನೈದು-ಹದಿನಾರು ಸೆಂ.ಮೀ. ಉದ್ದದ ಹಲಗೆ, ದಾರ ಗಿಡ್ಡವಾದಷ್ಟೂ ಸರಳ ಲೋಲಕದ ಸೂತ್ರದಿಂದ ಅದು ದೂರ ಸರಿಯುತ್ತದೆ. ಲೋಲಕದ ಪ್ರಯೋಗ ತೆರೆದು, ಮೆನುವಿನಲ್ಲಿ ಸಮಯ ನಿಗದಿಪಡಿಸಿ (3 ಸೆಕೆಂಡ್ ತಡ, 20 ಸೆಕೆಂಡ್ ದಾಖಲೆ), ಮೆಲ್ಲಗೆ 10 ಡಿಗ್ರಿಯೊಳಗೆ ಎಳೆದು ಬಿಡಿ. 30 ಡಿಗ್ರಿಯಿಂದ ಬಿಟ್ಟರೆ ಅವಧಿ ಶೇಕಡ 1.7ರಷ್ಟು ಹೆಚ್ಚುತ್ತದೆ.

ಅವಧಿ ಸಿಕ್ಕ ಮೇಲೆ ಲೆಕ್ಕ ಸುಲಭ: ಮೀಟರಿನಲ್ಲಿರುವ ಉದ್ದವನ್ನು 39.48ರಿಂದ ಗುಣಿಸಿ ಅವಧಿಯ ವರ್ಗದಿಂದ ಭಾಗಿಸಿ. 0.50 ಮೀಟರಿಗೆ 1.42 ಸೆಕೆಂಡ್ ಬಂದರೆ ಉತ್ತರ 9.79. ಉದ್ದದಲ್ಲಿ 1 ಸೆಂ.ಮೀ. ತಪ್ಪಿದರೆ ಉತ್ತರದಲ್ಲಿ 0.2ರಷ್ಟು ತಪ್ಪು ಬರುತ್ತದೆ. ಫೋನ್ ಸಮಯವನ್ನು ಎಷ್ಟೇ ಚೆನ್ನಾಗಿ ಅಳೆದರೂ ಸ್ಕೇಲು ಹಿಡಿದ ಕೈಯೇ ಇಲ್ಲಿ ಮುಖ್ಯ. ಇದನ್ನು ಮಕ್ಕಳೇ ಕಂಡುಕೊಳ್ಳಲು ಬಿಡಿ.

ಈ ಲೋಲಕದ ಪ್ರಯೋಗಕ್ಕೆ ಗೈರೊಸ್ಕೋಪ್ ಬೇಕು. ಅದು ಇಲ್ಲದಿದ್ದರೆ ‘ಗುರುತ್ವ ಸಹಿತ ವೇಗೋತ್ಕರ್ಷ’ ಪ್ರಯೋಗ ತೆರೆದು ದಾರದ ದಿಕ್ಕಿನ ಅಕ್ಷದ ನಕ್ಷೆ ನೋಡಿ. ಆದರೆ ಎಚ್ಚರ: ಲೋಲಕ ತಳಬಿಂದುವನ್ನು ಒಂದು ಪೂರ್ಣ ಆಂದೋಲನದಲ್ಲಿ ಎರಡು ಸಲ ದಾಟುತ್ತದೆ, ದಾರದ ಎಳೆತ ಎರಡು ಸಲವೂ ಗರಿಷ್ಠ. ಆದ್ದರಿಂದ ನಕ್ಷೆಯ ಎರಡು ಶಿಖರಗಳಿಗೆ ಒಂದು ಅವಧಿ. ಪಕ್ಕಪಕ್ಕದ ಶಿಖರಗಳ ಅಂತರವನ್ನೇ ಅವಧಿ ಎಂದುಕೊಂಡರೆ ಉತ್ತರ ನಾಲ್ಕು ಪಟ್ಟು, 39 ಎಂದು ಬರುತ್ತದೆ. ಇಂಥ ಉತ್ತರ ಬಂದ ಗುಂಪಿಗೆ ತಪ್ಪೆಂದು ಹೇಳದೆ, ಯಾಕೆ ಸರಿಯಾಗಿ ನಾಲ್ಕು ಪಟ್ಟು ಎಂದು ಕೇಳಿ.

ಶಬ್ದದ ವೇಗಕ್ಕೆ ಎರಡು ಫೋನು, ಧ್ವನಿ ಸ್ಟಾಪ್‌ವಾಚ್ ಪ್ರಯೋಗ. ಇದು ಮೊದಲ ಸದ್ದಿಗೆ ಶುರುವಾಗಿ ಎರಡನೇ ಸದ್ದಿಗೆ ನಿಲ್ಲುತ್ತದೆ. ಫೋನುಗಳನ್ನು ಸರಿಯಾಗಿ 5 ಮೀಟರ್ ಅಂತರದಲ್ಲಿ ನೆಲದ ಮೇಲಿಡಿ, ಪ್ರತಿಯೊಂದರ ಪಕ್ಕ ಒಬ್ಬ ವಿದ್ಯಾರ್ಥಿ. ಮೊದಲನೆಯವಳು ತನ್ನ ಫೋನಿನ ಪಕ್ಕದಲ್ಲೇ ಚಪ್ಪಾಳೆ ತಟ್ಟಲಿ, ಎರಡು ಗಡಿಯಾರಗಳೂ ಓಡುತ್ತವೆ. ಎರಡು ಸೆಕೆಂಡ್ ಬಿಟ್ಟು ಎರಡನೆಯವನು ತನ್ನ ಫೋನಿನ ಪಕ್ಕ ತಟ್ಟಲಿ, ಎರಡೂ ನಿಲ್ಲುತ್ತವೆ. ಶಬ್ದ ತಲುಪಲು ತೆಗೆದುಕೊಂಡ ಸಮಯದಿಂದಾಗಿ ಎರಡನೇ ಫೋನ್ ತಡವಾಗಿ ಶುರುವಾಗಿರುತ್ತದೆ, ಮೊದಲನೇ ಫೋನ್ ತಡವಾಗಿ ನಿಂತಿರುತ್ತದೆ. ಆದ್ದರಿಂದ ಎರಡು ಓದಿಕೆಗಳ ವ್ಯತ್ಯಾಸ 10 ಮೀಟರ್ ದಾಟಲು ಶಬ್ದಕ್ಕೆ ಬೇಕಾದ ಸಮಯ. 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 0.0287 ಸೆಕೆಂಡ್ ಬರಬೇಕು, ಅಂದರೆ ಸೆಕೆಂಡಿಗೆ 348 ಮೀಟರ್. ಈ ಉಪಾಯದ ಚೆಂದವೆಂದರೆ ಎರಡು ಫೋನುಗಳ ಗಡಿಯಾರವನ್ನು ಹೊಂದಿಸುವ ಅಗತ್ಯವೇ ಇಲ್ಲ.

ಕೆಡುವುದು ಎಲ್ಲಿ? ಫ್ಯಾನಿನ ಸದ್ದಿಗೇ ಗಡಿಯಾರ ಓಡಿದರೆ ಮಿತಿಯ ಅಂಕಿಯನ್ನು ಏರಿಸಿ. ಚಪ್ಪಾಳೆಯ ಪ್ರತಿಧ್ವನಿಗೇ ನಿಂತುಬಿಟ್ಟರೆ ಕನಿಷ್ಠ ವಿಳಂಬವನ್ನು ಅರ್ಧ ಸೆಕೆಂಡಿಗೆ ಏರಿಸಿ. ಎರಡೂ ಫೋನುಗಳಲ್ಲಿ ಮಿತಿ ಒಂದೇ ಇರಲಿ. ಕೈ ಚಪ್ಪಾಳೆಗಿಂತ ಎರಡು ಮರದ ತುಂಡು ಬಡಿದ ಸದ್ದು ಚುರುಕು. ಐದಾರು ಸಲ ಮಾಡಿ ಸರಾಸರಿ ತೆಗೆಯಿರಿ, ಒಂದೇ ಓದಿಕೆಯಲ್ಲಿ ಸೆಕೆಂಡಿಗೆ 10-20 ಮೀಟರ್ ಆಚೀಚೆ ಆಗುವುದು ಸಹಜ.

ಫೋನಿನ ನಕ್ಷೆ ಇಡೀ ತರಗತಿಗೆ ಕಾಣಬೇಕೆಂದರೆ ಮೆನುವಿನಲ್ಲಿ ದೂರ ಸಂಪರ್ಕ ಎಂಬುದನ್ನು ಆನ್ ಮಾಡಿ. ಪರದೆಯ ಕೆಳಗೆ ಒಂದು ವಿಳಾಸ ಬರುತ್ತದೆ. ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಆ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿದರೆ ಆಯಿತು. ಡೇಟಾ ಪ್ಯಾಕ್ ಬೇಡ.

ಶಾಲೆಯಲ್ಲಿರುವುದು ಒಂದೇ ಸೂಕ್ಷ್ಮದರ್ಶಕ, 52 ಮಕ್ಕಳು. ಸಾಲಿನಲ್ಲಿ ನಿಲ್ಲಿಸಿದರೆ ಪೀರಿಯಡ್ ಮುಗಿಯುತ್ತದೆ.
— ಜೀವಶಾಸ್ತ್ರ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ

ಫೋನಿನ ಕ್ಯಾಮೆರಾವನ್ನು ನೇತ್ರಮಸೂರದ ಮೇಲಿಡಿ, ಫೋನನ್ನು ಯುಎಸ್‌ಬಿ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ. ಆಂಡ್ರಾಯ್ಡ್ ಪರದೆಯನ್ನು ಕೇಬಲಿನಲ್ಲೇ ಲ್ಯಾಪ್‌ಟಾಪಿಗೆ ತರಲು ಎಸ್‌ಸಿಆರ್‌ಸಿಪಿವೈ ಎಂಬ ಉಚಿತ ತಂತ್ರಾಂಶವಿದೆ. ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಆಫ್ ಮಾಡಿಬಿಡಿ.

ಕಷ್ಟವಿರುವುದು ಕ್ಯಾಮೆರಾ ನಿಲ್ಲಿಸುವುದರಲ್ಲಿ. ಮಸೂರಕ್ಕೆ ಕ್ಯಾಮೆರಾ ತಾಗಿಸಿದರೆ ನಡುವೆ ಸಣ್ಣ ಬೆಳಕಿನ ಚುಕ್ಕೆ, ಸುತ್ತ ಕಪ್ಪು. ಒಂದರಿಂದ ಎರಡು ಸೆಂ.ಮೀ. ಮೇಲಕ್ಕೆ ಎತ್ತುತ್ತ ಹೋದರೆ ಒಂದು ಎತ್ತರದಲ್ಲಿ ವೃತ್ತ ತುಂಬಿಕೊಳ್ಳುತ್ತದೆ. ಆ ಎತ್ತರಕ್ಕೆ ಕಪ್ಪು ಕಾಗದದ ಕೊಳವೆ ಸುತ್ತಿ ನೇತ್ರಮಸೂರಕ್ಕೆ ತೊಡಿಸಿ, ಅದರ ಮೇಲೆ ಫೋನಿಡಿ. ಎರಡು ಮೂರು ಕ್ಯಾಮೆರಾ ಇರುವ ಫೋನಿನಲ್ಲಿ ಜೂಮ್ ಮಾಡಿದಾಗ ಅದು ತಾನಾಗಿ ಬೇರೆ ಕ್ಯಾಮೆರಾಗೆ ಹಾರಿ ಚಿತ್ರ ಮಾಯವಾಗಬಹುದು. ಹಾಗಾದರೆ ಜೂಮನ್ನು ಒಂದಕ್ಕೇ ಬಿಡಿ. ಫ್ಲ್ಯಾಶ್ ಆಫ್. ಪರದೆಯನ್ನು ಒತ್ತಿ ಹಿಡಿದು ಫೋಕಸ್ ಸ್ಥಿರಗೊಳಿಸಿ, ಇಲ್ಲವಾದರೆ ಪ್ರತಿ ಸಲ ಸ್ಲೈಡ್ ಸರಿದಾಗಲೂ ಚಿತ್ರ ಒಳಗೆ ಹೊರಗೆ ಉಸಿರಾಡುತ್ತದೆ.

ಈರುಳ್ಳಿ ಸಿಪ್ಪೆ ತೋರಿಸುವಾಗ ಅಳತೆಯನ್ನೂ ಸೇರಿಸಿ. ಮೊದಲು ಪ್ಲಾಸ್ಟಿಕ್ ಸ್ಕೇಲನ್ನು ಸ್ಲೈಡಿನ ಜಾಗದಲ್ಲಿಟ್ಟು 10 ಪಟ್ಟಿನ ವಸ್ತುಮಸೂರದಲ್ಲಿ ನೋಡಿ. 10 ಪಟ್ಟಿನ ಸಾಮಾನ್ಯ ನೇತ್ರಮಸೂರವಾದರೆ ವೃತ್ತದ ಅಗಲ ಹೆಚ್ಚುಕಡಿಮೆ 1.8 ಮಿ.ಮೀ. ಆಮೇಲೆ ಅದೇ ಮಸೂರದಲ್ಲಿ ಸಿಪ್ಪೆ. ಅಡ್ಡಲಾಗಿ ಆರು ಕೋಶ ಎಣಿಸಿದರೆ ಒಂದೊಂದು ಸುಮಾರು 0.3 ಮಿ.ಮೀ. ಉದ್ದ. ಹೀಗೆ ಎಣಿಸಲು ದೊಡ್ಡ ಪರದೆ ನಿಜಕ್ಕೂ ಬೇಕು. ಆದರೂ ಪ್ರತಿ ಮಗುವೂ ಒಮ್ಮೆಯಾದರೂ ತನ್ನ ಕಣ್ಣನ್ನೇ ಮಸೂರಕ್ಕೆ ಇಡಲಿ, ಮಧ್ಯಾಹ್ನದ ಬಿಡುವಿನಲ್ಲಾದರೂ ಸರಿ.

‘ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ’ ಎಂದು ಹೇಳಿಕೊಟ್ಟೆ. ಕಾರವಾರದ ನಮ್ಮ ಶಾಲೆಯ ಅಂಗಳದಲ್ಲಿ ಕೋಲು ನೆಟ್ಟರೆ ನೆರಳು ಚಿಕ್ಕದಾಗುವುದು ಹನ್ನೆರಡೂವರೆಯ ಮೇಲೆ. ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ಇದನ್ನು ತೋರಿಸಬಹುದೇ?
— ಶಿಕ್ಷಕ, ಉತ್ತರ ಕನ್ನಡ

ಖಂಡಿತ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಕಾರವಾರ ಸುಮಾರು 74.1 ಡಿಗ್ರಿಯಲ್ಲಿದೆ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ನಿಮ್ಮಲ್ಲಿ ಸೂರ್ಯ ಸರಾಸರಿ 12 ಗಂಟೆ 33 ನಿಮಿಷಕ್ಕೆ ಮಧ್ಯಾಹ್ನ ರೇಖೆ ದಾಟುತ್ತಾನೆ, ಕೋಲಾರದಲ್ಲಿ 12-17ಕ್ಕೇ. ಇದಲ್ಲದೆ ಭೂಕಕ್ಷೆ ದೀರ್ಘವೃತ್ತವಾಗಿರುವುದು, ಅಕ್ಷ ವಾಲಿರುವುದು ಇವೆರಡರಿಂದ ವರ್ಷದುದ್ದಕ್ಕೂ ಹಿಂದುಮುಂದಾಗುತ್ತದೆ. ಫೆಬ್ರುವರಿ ನಡುವಿನಲ್ಲಿ 14 ನಿಮಿಷ ತಡ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂಚೆ. ಅಂದರೆ ಫೆಬ್ರುವರಿಯಲ್ಲಿ ನೀವು ಕೋಲು ನೆಟ್ಟರೆ 12-47ರ ಹೊತ್ತಿಗೆ!

ಸ್ಟೆಲೇರಿಯಂನಲ್ಲಿ ಎಫ್6 ಒತ್ತಿ ಊರು ಆರಿಸಿ, ಎಫ್5ರಲ್ಲಿ ದಿನಾಂಕ, ಎಫ್3ರಲ್ಲಿ ಸೂರ್ಯನನ್ನು ಹುಡುಕಿ. ಎಡಗಡೆ ಬರುವ ವಿವರದಲ್ಲಿ ಸೂರ್ಯನ ಎತ್ತರವನ್ನು ಡಿಗ್ರಿಯಲ್ಲಿ ಕೊಡುತ್ತದೆ. ನಿಮಿಷ ನಿಮಿಷವಾಗಿ ಸಮಯ ಬದಲಿಸುತ್ತ ಗರಿಷ್ಠ ಎತ್ತರ ಯಾವಾಗ ಎಂದು ಬರೆಸಿ. ಬೆಳಗ್ಗೆಯ ಆಕಾಶದ ನೀಲಿ ಅಡ್ಡಿಯಾದರೆ ಕೀಲಿಮಣೆಯ ಎ ಒತ್ತಿದರೆ ವಾತಾವರಣ ಹೋಗುತ್ತದೆ, ಜಿ ಒತ್ತಿದರೆ ನೆಲ ಹೋಗುತ್ತದೆ. ಎಲ್ ಸಮಯವನ್ನು ಓಡಿಸುತ್ತದೆ, ಜೆ ನಿಧಾನಿಸುತ್ತದೆ, ಕೆ ಮಾಮೂಲಿಗೆ ತರುತ್ತದೆ.

ಫಲಿತಾಂಶ ಗಂಟೆಗಟ್ಟಲೆ ತಪ್ಪಿದರೆ ಸಮಯ ವಲಯ ಕೋಲ್ಕತಾ ಎಂದಿದೆಯೇ ನೋಡಿ. ಶಾಲೆಯ ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಸತ್ತು ತಾರೀಖು ಹಲವು ವರ್ಷ ಹಿಂದೆ ಹೋಗಿರುವುದು ಮಾಮೂಲು.

ನೆತ್ತಿಯ ಮೇಲೆ ಎಂಬ ಮಾತನ್ನೂ ತಿದ್ದಿಬಿಡಿ. ಕರ್ನಾಟಕದ ಯಾವುದೇ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಬೆಂಗಳೂರಿಗಾದರೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ನಿಮ್ಮ ಊರಿನ ದಿನಗಳನ್ನು ಎತ್ತರ 90 ಡಿಗ್ರಿ ಮುಟ್ಟುವುದು ಎಂದೆಂದು ಸ್ಟೆಲೇರಿಯಂನಲ್ಲಿ ಮಕ್ಕಳೇ ಹುಡುಕಲಿ, ಆ ದಿನ ಅಂಗಳದಲ್ಲಿ ಕೋಲು ನಿಲ್ಲಿಸಿ ಪರೀಕ್ಷಿಸಲಿ. ಆಗಸ್ಟ್‌ನಲ್ಲಿ ನಿಮ್ಮಲ್ಲಿ ಮಳೆ. ಏಪ್ರಿಲ್ ಕೊನೆಯ ದಿನಗಳನ್ನೇ ನಂಬಿಕೊಳ್ಳಿ, ರಜೆಯಲ್ಲಿ ಬಂದರೆ ಮನೆಯಂಗಳದಲ್ಲೇ ಮಾಡಲಿ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗೂಗಲ್ ಫಾರ್ಮ್ಸ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.
— ಮುಖ್ಯ ಶಿಕ್ಷಕ, ಬಾಗಲಕೋಟೆ

ಹಳೆಯ ನುಡಿ ಫೈಲುಗಳು ಆಸ್ಕಿ ಸಂಕೇತದಲ್ಲಿವೆ; ಒಳಗಿರುವುದು ರೋಮನ್ ಅಕ್ಷರ, ಮೇಲೆ ಕನ್ನಡದ ವೇಷ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಆಸ್ಕಿಯಿಂದ, ಎಲ್ಲೆಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಅದರಲ್ಲಿ ಹಾಕಿ ತೆಗೆಯಿರಿ. ವಿಜ್ಞಾನದ ಪ್ರಶ್ನೆಗಳಿಗೆ ಒಂದು ವಿಶೇಷ ಅಪಾಯವಿದೆ: ಪರಿವರ್ತಕಕ್ಕೆ ಯಾವುದು ನಿಜವಾದ ಇಂಗ್ಲಿಷ್ ಎಂದು ತಿಳಿಯದು. ನೀರಿನ ಸೂತ್ರದ ಎಚ್ ‘ಊ’ ಆಗುತ್ತದೆ, ಓ ‘ಔ’ ಆಗುತ್ತದೆ. ಆದ್ದರಿಂದ ಸೂತ್ರ, ಸಮೀಕರಣ, ಏಕಮಾನಗಳನ್ನು ಮೊದಲು ತೆಗೆದಿಟ್ಟು, ಪಠ್ಯವನ್ನಷ್ಟೇ ಬದಲಿಸಿ, ಆಮೇಲೆ ಅವನ್ನು ಕೈಯಿಂದ ಸೇರಿಸಿ. ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು. ಗೂಗಲ್ ಫಾರ್ಮ್ಸ್‌ನಲ್ಲಿ ಕೆಳಬರಹದ ಅಂಕಿ ಹಾಕುವ ಗುಂಡಿಯಿಲ್ಲ. ಸಮೀಕರಣ ಇರುವ ಪ್ರಶ್ನೆಯನ್ನು ಚಿತ್ರವಾಗಿ ಸೇರಿಸುವುದೇ ವಾಸಿ. ಹೊಸದನ್ನು ಇನ್ನು ಮುಂದೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ.

ಹಳೆ ವಿದ್ಯಾರ್ಥಿಗಳು ಸ್ಮಾರ್ಟ್ ಬೋರ್ಡ್ ಕೊಡಿಸಲು ಮುಂದಾಗಿದ್ದಾರೆ. ಇರುವ ಪ್ರೊಜೆಕ್ಟರ್ ಸಾಕಲ್ಲವೇ? ಕರೆಂಟ್ ಹೋಗುವುದೇ ನಮ್ಮ ದೊಡ್ಡ ಸಮಸ್ಯೆ.
— ಶಾಲಾಭಿವೃದ್ಧಿ ಸಮಿತಿ ಸದಸ್ಯ, ರಾಯಚೂರು ಜಿಲ್ಲೆ

ಪ್ರೊಜೆಕ್ಟರ್ ಕೆಲಸ ಮಾಡುತ್ತಿದ್ದರೆ ಸ್ಮಾರ್ಟ್ ಬೋರ್ಡ್ ಬೇಡ ಎನ್ನುವುದು ನಮ್ಮ ಖಚಿತ ಮಾತು. ಆ ದುಡ್ಡಿನ ಸಣ್ಣದೊಂದು ಭಾಗದಲ್ಲಿ ದಪ್ಪ ಪರದೆ ಬಟ್ಟೆ, ಹಿಂದಿನ ಬೆಂಚಿಗೂ ಕೇಳುವ ಸ್ಪೀಕರ್, ಐದು ಮಲ್ಟಿಮೀಟರ್, ನಿಕ್ರೋಮ್ ತಂತಿ, ಬಲ್ಬು, ಹೋಲ್ಡರ್ ಎಲ್ಲ ಬರುತ್ತವೆ. ಬೋರ್ಡ್ ಕೆಟ್ಟರೆ ರಿಪೇರಿಯವನು ಜಿಲ್ಲಾ ಕೇಂದ್ರದಿಂದ ಬರಬೇಕು.

ಕರೆಂಟಿನ ವಿಷಯಕ್ಕೆ ಬಂದರೆ, ದೀಪ ಇರುವ ಪ್ರೊಜೆಕ್ಟರ್ 250ರಿಂದ 300 ವಾಟ್ ಎಳೆಯುತ್ತದೆ. ಕಂಪ್ಯೂಟರಿಗೆ ಬಳಸುವ 600 ವಿಎ ಯುಪಿಎಸ್ ಅದನ್ನು ಕೆಲವೇ ನಿಮಿಷ ಹೊರುತ್ತದೆ. ಪಾಠ ಮುಂದುವರಿಸಲು ಅಷ್ಟು ಸಾಲದು, ದೀಪ ಉಳಿಸಿಕೊಳ್ಳಲು ಸಾಕು. ಕರೆಂಟ್ ಹಠಾತ್ತನೆ ಹೋದಾಗ ಒಳಗಿನ ಫ್ಯಾನ್ ನಿಂತು, ಕಾದ ದೀಪ ತಣಿಯದೆ ಅದರ ಆಯಸ್ಸು ಕುಗ್ಗುತ್ತದೆ. ಯುಪಿಎಸ್ ಇದ್ದರೆ ರಿಮೋಟಿನಲ್ಲಿ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವವರೆಗೆ ಕಾದು, ಆಮೇಲೆ ಪ್ಲಗ್ ತೆಗೆಯಬಹುದು. ಗೋಡೆಯ ಸ್ವಿಚ್ಚಿನಲ್ಲೇ ಆರಿಸುವ ಅಭ್ಯಾಸವಿದ್ದರೆ ಅದನ್ನು ಮೊದಲು ಬಿಡಿಸಿ. ತಿಂಗಳಿಗೊಮ್ಮೆ ಗಾಳಿಯ ಜಾಲರಿಯ ಧೂಳು ತೆಗೆಯಿರಿ. ರಾಯಚೂರಿನ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ.